ಅಕ್ಕನ ಕಾಲಿಗೆ ಬಂದ ಪಟ್ಟಿ

ನನ್ನ ಅಕ್ಕ ದರ್ಜಿ. ಬೀದಿಗೆ ತೆರೆದುಕೊಂಡ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಪಕ್ಕದಲ್ಲಿ ನಾನು ಗುಂಡಿಗೆ ಕಾಜಾ ಹಾಕುತ್ತಾ ಕೂರುತ್ತೇನೆ. ಬಾವ ಮನೆ ಬ್ರೋಕರ್. ಅವರ ಕಚೇರಿ ಎಂದರೆ ಅದೇ ಕೋಣೆಯ ಒಂದು ಕುರ್ಚಿ. ಬಲಗೈಯಲ್ಲಿ ಫೋನು ಹಿಡಿದು ಮಾತು ಶುರುವಿಟ್ಟುಕೊಂಡರೆ ಅವರ ಎಡಗೈ ಗಾಳಿಯಲ್ಲಿ ಮಹಡಿ ಮೇಲೆ ಮಹಡಿ ಕಟ್ಟುತ್ತದೆ.

ಒಂದು ದಿನ ಬಾವ ಕೈಗೆ ಕಟ್ಟುವ ಎರಡು ಪಟ್ಟಿ ತಂದರು. ಯಾರ ಮೈ ಎಷ್ಟು ಕ್ಯಾಲೊರಿ ಕರಗಿಸಿತು ಎಂದು ಅವು ಹೇಳುತ್ತವಂತೆ. "ಕಡಿಮೆ ಕರಗಿಸಿದೋರು ಪಾತ್ರೆ ತೊಳೀಬೇಕು" ಎಂದು ಅವರೇ ಕರಾರು ಹಾಕಿದರು. ಅಕ್ಕ ನಕ್ಕು ಒಪ್ಪಿದಳು. ಪಾಪ, ಗೆದ್ದೇ ಗೆಲ್ಲುತ್ತೇನೆ ಅಂದುಕೊಂಡಿದ್ದಳು.

ಹೊಲಿಯುವಾಗ ಅಕ್ಕನ ಕೈ ಬಟ್ಟೆ ಹಿಡಿದು ಅಲುಗದೆ ಇರುತ್ತದೆ. ಅಲುಗಿದರೆ ಹೊಲಿಗೆ ಸೊಟ್ಟ. ಆ ದರಿದ್ರ ಪಟ್ಟಿಗೆ ಗೊತ್ತಿರುವುದು ಕೈಯೊಂದೇ. ಗಳಿಗೆಗೊಮ್ಮೆ ಗುಂಯ್‌ಗುಟ್ಟಿ "ಕುಳಿತೇ ಇದ್ದೀರಿ, ಏಳಿ" ಎನ್ನುತ್ತಿತ್ತು. ಬಾವನ ಎಡಗೈಯ ಪಟ್ಟಿ ಮಾತ್ರ ಶಭಾಷ್ ಹೇಳಿದ್ದೇ ಹೇಳಿದ್ದು. ವಾರವಿಡೀ ಪಾತ್ರೆ ಅಕ್ಕನ ಪಾಲಿಗೇ ಬಂತು. ಪಾತ್ರೆ ಹಾಳಾಗಲಿ, ಮೊದಲೂ ಅವಳೇ ತೊಳೆಯುತ್ತಿದ್ದಳು. "ನೀನು ದಿನವೆಲ್ಲಾ ಸುಮ್ನೆ ಕೂತಿರ್ತೀಯ ಅಂತ ಪಟ್ಟೀನೇ ಹೇಳ್ತಿದೆಯಲ್ಲೇ" ಎಂದು ಬಾವ ಅಂದದ್ದಕ್ಕೆ ಅವಳ ಮುಖ ಚಿಕ್ಕದಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಶನಿವಾರ ನುಣುಪು ಬಟ್ಟೆಯೊಂದರ ಎಳೆ ಪಟ್ಟಿಯ ಕೊಂಡಿಗೆ ಸಿಕ್ಕಿಕೊಂಡಿತು. ಅಕ್ಕ ರೇಗಿ ಪಟ್ಟಿ ಬಿಚ್ಚಿದಳು. ಎಲ್ಲಾದರೂ ಕಳೆದೀತೆಂದು ಕಾಲಿಗೆ ಕಟ್ಟಿಕೊಂಡು ಮರೆತೇಬಿಟ್ಟಳು. ಸಂಜೆ ನೋಡಿದರೆ ಅವಳ ಲೆಕ್ಕ ಬಾವನದರ ಮೂರು ಪಟ್ಟು.

"ಕಾಲಿಗೆ ಕಟ್ಟಿದ್ರೆ ಮೋಸ" ಎಂದರು ಬಾವ.

"ಅವಳು ತುಳಿಯೋದು ಕಾಲಲ್ಲಿ. ಮೂಗಿಗೆ ಕಟ್ಕೋಬೇಕಿತ್ತಾ ಬಾವ?" ಎಂದೆ.

ತುಳಿಯುವುದೇನು ಮಹಾ ಎಂದು ಬಾವ ತಾವೇ ಮಿಷನ್ ಮುಂದೆ ಕೂತರು. ಚಕ್ರ ಹಿಂದಕ್ಕೆ ತಿರುಗಿತು, ದಾರ ಕಡಿಯಿತು, ಸ್ವಲ್ಪ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತು. ಕುಂಟುತ್ತಾ ಎದ್ದು, ಅಂಗಿಯ ತೋಳು ಮಡಚಿ ಅಡುಗೆಮನೆಗೆ ನಡೆದರು.

ಬಾಣಲೆ ಉಜ್ಜುತ್ತಿದ್ದಂತೆ ಅವರ ಪಟ್ಟಿ ಮತ್ತೆ ಶಭಾಷ್ ಎಂದಿತು. ಬಾವನ ಮುಖ ಅರಳಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ ಕೈ ಚಾಚಿದಳು.

"ಅದನ್ನ ಬಿಚ್ಚಿ ಇಲ್ಲಿ ಕೊಡಿ. ಲೆಕ್ಕಕ್ಕೆ ಬರದೆ ಇರೋ ಕೆಲಸ ಹೇಗಿರುತ್ತೆ ಅಂತ ಒಂದಿನ ನೀವೂ ನೋಡಿ."