ಅಟ್ಟದ ಮೇಲಿದ್ದ ವೈಫೈ

ಅಣ್ಣ ತೀರಿಕೊಂಡ ಮೇಲೆ ತಿಪಟೂರಿನ ಅವನ ಕೊಬ್ಬರಿ ಮಂಡಿಯಲ್ಲಿ ಅತ್ತಿಗೆ ಕೂತರು. ಅವನಿದ್ದಾಗ ಅವರು ನಡುಮನೆಯಿಂದ ಕಾಫಿ ಲೋಟ ತಂದಿಟ್ಟು ಹಿಂದಕ್ಕೆ ಹೋಗಬೇಕಿತ್ತು, ಅಷ್ಟೇ. ಈಗ ಟೆಂಡರ್ ದಿನ, ಮಾರುಕಟ್ಟೆಗೆ ಬಂದ ಕೊಬ್ಬರಿ ಲಾಟುಗಳಿಗೆ ಫೋನಿನಲ್ಲಿ ಗುಟ್ಟಾಗಿ ದರ ಹಾಕುವವರು ಅವರೇ. ದರ ಒತ್ತಿ ಕಳಿಸುವ ಹೊತ್ತಿಗೆ ಸರಿಯಾಗಿ ವೈಫೈ ಕಡಿಯುತ್ತಿತ್ತು. ಮೊಬೈಲ್ ಡೇಟಾ ನಂಬುವ ಹಾಗಿಲ್ಲ. ಆ ಹೊತ್ತಿಗೆ ಬೀದಿಯೆಲ್ಲ ಅದನ್ನೇ ಎಳೆಯುತ್ತಿರುತ್ತೆ. ಲಾಟು ಸಿಗದ ಮಂಡಿ ಎಷ್ಟು ದಿನ ಬಾಗಿಲು ತೆಗೆದೀತು?

ಗೋಣಿಚೀಲ ಹೊಲಿದು ಮೇಲೆ ಬಂದವನು ನಾನು. ನಮ್ಮೂರು ಹುಳಿಯಾರಿನಲ್ಲಿ ಯಾರ ಮನೆ ಮೋಟಾರು, ಯಾರ ಮನೆ ವೈಫೈ ಕೆಟ್ಟರೂ ಕರೆಯದೆಯೇ ಹೋಗಿ ಬುದ್ಧಿ ಹೇಳುವ ಚಾಳಿ ನನ್ನದು. ಇನ್ನು ಅತ್ತಿಗೆಯೇ ಕರೆದರೆ ಬಿಡ್ತೀನಾ? ನಾನು ಹೋದಾಗ ಪಕ್ಕದ ಮಂಡಿಯವನು ಮೆಟ್ಟಿಲ ಮೇಲೆ ನಿಂತಿದ್ದ.

“ಏನಕ್ಕಾ, ಇವತ್ತೂ ನೆಟ್ ಕೈಕೊಡ್ತದಾ? ಮಂಡಿ ನಂಗೆ ಬಾಡಿಗೆಗೆ ಕೊಟ್ಬುಡಿ, ಆರಾಮಾಗಿ ಮನೇಲಿರಿ.”

“ನಿನ್ ಗೋಡೋನ್ ಇಲಿ ಮೊದ್ಲು ಓಡ್ಸೋಗಪ್ಪ,” ಅಂದರು ಅತ್ತಿಗೆ. ಅವನು ಹೋದ ಮೇಲೆ ದನಿ ತಗ್ಗಿತು. “ಇದು ನೆಟ್ ಅಲ್ಲ ಕಣಪ್ಪ. ನಾನಿಲ್ಲಿ ಕೂರೋದು ನಿಮ್ಮಣ್ಣಂಗೆ ಇಷ್ಟ ಇಲ್ಲ.”

ನಗಬೇಕು ಅಂದುಕೊಂಡೆ. ಅವರು ಫೋನ್ ಮುಂದೆ ಹಿಡಿದರು. ಅಣ್ಣ ವೈಫೈಗೆ ತನ್ನ ಹೆಸರನ್ನೇ ಇಟ್ಟಿದ್ದ. ಆ ಹೆಸರು ಬಂತು, ಮಾಯವಾಯ್ತು, ಮತ್ತೆ ಬಂತು, ಬಾಗಿಲಲ್ಲಿ ಇಣುಕಿ ಹೋಗುವವನ ಹಾಗೆ. ಮಟಮಟ ಮಧ್ಯಾಹ್ನದಲ್ಲೂ ನಾನೊಮ್ಮೆ ಬಾಗಿಲ ಕಡೆ ನೋಡಿದೆ.

ವೈಫೈ ಡಬ್ಬಿ ಎಲ್ಲಿದೆ ಅಂತ ಕೇಳಿದರೆ ಅವರು ಮೇಲೆ ನೋಡಿದರು. ಕಾಯಿ ಒಣಗಿಸುವ ಅಟ್ಟದಲ್ಲಿ! ಎತ್ತರದಲ್ಲಿದ್ದರೆ ದೂರ ಹರಡುತ್ತೆ ಅಂತ ಅಣ್ಣನೇ ತೊಲೆಗೆ ಬಿಗಿದಿದ್ದ. ಕಾಯಿ ತುಂಬಿದ ಆಳುಗಳನ್ನು ಬಿಟ್ಟರೆ ಅವನ ನಂತರ ಯಾರೂ ಏಣಿ ಹತ್ತಿರಲಿಲ್ಲ. ನಾನು ಹತ್ತಿದೆ. ಕತ್ತಲು, ಹಳೇ ಹೊಗೆಯ ವಾಸನೆ. ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಒಣಗಿದ್ದರೆ ಒಳಗಿನ ಕೊಬ್ಬರಿ ಉಂಡೆ ಲೊಡಲೊಡ ಅನ್ನಬೇಕು. ಇದರಲ್ಲಿ ನೀರು ತುಳುಕಿತು. ತೊಲೆಯ ಮಟ್ಟಕ್ಕೆ ಬಂದಿದ್ದ ರಾಶಿಯ ನಡುವೆ ಹಸಿರು ದೀಪವೊಂದು ಮಿಟುಕುತ್ತಿತ್ತು. ಬೆನ್ನ ಹಿಂದೆ ಯಾವುದೋ ಕಾಯಿ ತಾನಾಗಿ ಉರುಳಿತು. ನಾನು ತಿರುಗಿ ನೋಡಲಿಲ್ಲ.

ನಮ್ಮ ಕಡೆಯವರೆಲ್ಲ ತಿಳಿದುಕೊಳ್ಳಿ: ವೈಫೈಯನ್ನು ನೀರು ಕುಡಿದುಬಿಡುತ್ತೆ. ಹಸಿ ಕಾಯಿ ತುಂಬಿದ ಅಟ್ಟ ಅಂದರೆ ತಲೆ ಮೇಲೊಂದು ಕೆರೆ. ಡಬ್ಬಿ ಕೊಳ್ಳುವಾಗ ಎಷ್ಟು ಆಂಟೆನಾ ಕಡ್ಡಿ ಇವೆ ಅಂತ ನೋಡಬೇಡಿ, ಅದನ್ನು ಎಲ್ಲಿಡುತ್ತೀರಿ ನೋಡಿ.

ಕೆಳಗೆ ತಂದು ಮಂಡಿ ಗೋಡೆಗೆ ಹಾಕಿದೆ. ಸೆಟ್ಟಿಂಗ್ ತೆಗೆಯೋಣ ಅಂದರೆ ಪಾಸ್‌ವರ್ಡ್ ಅಣ್ಣನ ಜೊತೆಗೇ ಹೋಗಿತ್ತು. ಹಿಂದಿನ ಸಣ್ಣ ತೂತಿಗೆ ಪಿನ್ನು ಒತ್ತಿ ಎಲ್ಲ ಅಳಿಸುವುದೊಂದೇ ದಾರಿ.

“ಅವರ ಹೆಸರೂ ಹೋಗ್ತದಾ?”

“ಹೋಗ್ತದೆ ಅತ್ತಿಗೆ. ಬೇಕಂದ್ರೆ ಅದನ್ನೇ ವಾಪಸ್ ಇಡಾನ.”

ಟೆಂಡರ್ ಮುಗಿಯುವ ಹೊತ್ತು ಹತ್ತಿರವಾಗುತ್ತಿತ್ತು. ಅವರು ಸೆರಗಿನ ಪಿನ್ನು ಬಿಚ್ಚಿ, ನನ್ನ ಕೈಗೆ ಕೊಡದೆ, ತಾವೇ ಒತ್ತಿ ಹಿಡಿದರು. ದೀಪ ಆರಿತು. ಮತ್ತೆ ಹತ್ತಿದ ಮೇಲೆ ಪಿನ್ನನ್ನು ಸೆರಗಿಗೆ ಸಿಕ್ಕಿಸಿಕೊಂಡರು.

“ಬ್ಯಾಡ. ಬರೀ ಮಂಡಿ ಅಂತಿಡು.”

ಅಕ್ಕಪಕ್ಕದ ಡಬ್ಬಿಗಳೆಲ್ಲ ಒಂದೇ ಚಾನೆಲ್ಲಿನಲ್ಲಿ ನೂಕಾಡುತ್ತಿದ್ದವು; ನಮ್ಮದನ್ನು ಖಾಲಿ ಇದ್ದ ಕಡೆಗೆ ಸರಿಸಿದೆ. ಅತ್ತಿಗೆಯ ಫೋನಿಗೆ ವೇಗದ ಬ್ಯಾಂಡ್ ಕೊಟ್ಟೆ. ಅದು ದೂರ ಹೋಗಲ್ಲ, ಆದರೆ ಒಂದೇ ಕೋಣೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಅವರು ದರ ಒತ್ತಿದರು. ಹೋಯ್ತು. ಒಂದು ಲಾಟು ಅವರಿಗೇ ನಿಂತಿತು.

ಖುಷಿಯಾಗುತ್ತಾರೆ ಅಂದುಕೊಂಡರೆ, ಕೇಳಿದರು: “ನೀರು ಅಂತೀಯಲ್ಲಪ್ಪ, ಅವರಿದ್ದಾಗ್ಲೂ ಅಟ್ಟದ ತುಂಬ ಹಸಿ ಕಾಯೇ. ಆಗ್ಯಾಕೆ ಕಡೀತಿರ್ಲಿಲ್ಲ?”

ಪಕ್ಕದವರ ಡಬ್ಬಿಗಳು ಈಚೆಗೆ ಹೆಚ್ಚಾಗಿವೆ ಅಂದೆ. ಇರಬಹುದು. ಆಳುಗಳು ಈ ಸಲ ಡಬ್ಬಿ ಇದ್ದ ಮೂಲೆಗೂ ಕಾಯಿ ಸುರಿದಿದ್ದಾರೆ ಅಂದೆ. ಅದೂ ಇರಬಹುದು. ಅತ್ತಿಗೆ ತಲೆಯಾಡಿಸಿದರು, ನಂಬಿದ ಹಾಗೆ ಕಾಣಲಿಲ್ಲ. ನಾನೂ ಪೂರ್ತಿ ನಂಬಿರಲಿಲ್ಲ.

ಆಮೇಲೆ ನೆಟ್ ಕಡಿದಿಲ್ಲ, ಅವರು ಮಂಡಿ ಬಿಟ್ಟಿಲ್ಲ. ಆದರೆ ದರ ಕಳಿಸುವ ಮುಂಚೆ ಇವತ್ತಿಗೂ ಆ ದರವನ್ನು ಅಟ್ಟದ ಕಡೆ ಮುಖ ಎತ್ತಿ ಒಮ್ಮೆ ಗಟ್ಟಿಯಾಗಿ ಹೇಳುತ್ತಾರೆ. ಒಂದು ಉಸಿರಿನಷ್ಟು ಕಾಯುತ್ತಾರೆ. ಆಮೇಲೆ ಒತ್ತುತ್ತಾರೆ. ಬೇರೆ ವ್ಯಾಪಾರಿಗಳಿಗೆ ಕೇಳಿಸುತ್ತೆ, ಮೆಲ್ಲಗೆ ಹೇಳಿ ಅಂತ ಬುದ್ಧಿ ಹೇಳಿದ್ದೇನೆ. ಹೇಳಲೇಬೇಡಿ ಅನ್ನುವುದಕ್ಕೆ ನನಗೆ ಬಾಯಿ ಬಂದಿಲ್ಲ.