ಪುಷ್ಪ ಇಟ್ಟ ಬೊಟ್ಟು

ಕಿಕ್ಕೇರಿ ಬಸ್ ಸ್ಟ್ಯಾಂಡಿನ ಎದುರು ಶಿವಶಂಕರನ ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲ ಊರುಗಳಲ್ಲಿ ಯಾರ ಪಂಪ್‌ಸೆಟ್ಟು ಸುಟ್ಟರೂ ಅವನ ಬಾಗಿಲಿಗೇ ಬರಬೇಕು. ತಿರುಗದ ಮೋಟಾರು ಕಂಡರೆ ಮಹಾರಾಯನಿಗೆ ಊಟ ಸೇರುವುದಿಲ್ಲ. ಇಂಥವನ ಮನೆಯಲ್ಲೇ ಅಂಗೈಯಗಲದ ಮೋಟಾರೊಂದು ವರ್ಷದಿಂದ ಜಪ್ಪಯ್ಯ ಅಂದರೂ ತಿರುಗದೆ ಕೂತಿತ್ತು.

ಅದು ಟೆಲಿಸ್ಕೋಪಿನ ಮೋಟಾರು. ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟ ಟೆಲಿಸ್ಕೋಪನ್ನು ಹೆಂಡತಿ ಪುಷ್ಪಳ ಆಸೆಗೆಂದೇ ಕೊಂಡು ತಂದಿದ್ದ. ಊರು, ತಾರೀಖು, ಹೊತ್ತು ತುಂಬಿ, ಗುರುತಿಗೆ ಎರಡು ನಕ್ಷತ್ರ ತೋರಿಸಿದರೆ ಸಾಕು, ವೈರು ಕಟ್ಟಿದ ರಿಮೋಟಿನಲ್ಲಿ ಕೇಳಿದ ಗ್ರಹದ ಕಡೆಗೆ ಅದು ತಾನೇ ತಿರುಗಿ ನಿಲ್ಲುತ್ತದೆ. ಪುಷ್ಪಳಿಗೆ ಬೇಕಾಗಿದ್ದದ್ದು ಒಂದೇ ಗ್ರಹ.

“ಏಳೂವರೆ ವರ್ಸ ನನ್ ಕೈಲಿ ಎಳ್ಳೆಣ್ಣೆ ದೀಪ ಹಚ್ಚಿಸ್ಕಂಡವ್ನೆ. ಆ ಸನಿಮಾತ್ಮನ ಮುಖ ಒಂದ್ಸಲ ನೋಡ್ಬೇಕು ಕಣ್ರೀ,” ಅನ್ನುತ್ತಿದ್ದಳು.

“ಮೊದ್ಲು ನೀನೇ ನೋಡೀಯಂತೆ ಬುಡು, ಆಮೇಕೆ ನಾನು,” ಎಂದು ಶಿವಶಂಕರ ಮಾತು ಕೊಟ್ಟಿದ್ದ.

ತಂದ ವರ್ಷದ ಬೇಸಿಗೆಯಲ್ಲಿ ಯಂತ್ರ ಚೆನ್ನಾಗಿಯೇ ಓಡಿತು, ಚಂದ್ರನ ಗುಳಿಗಳನ್ನೆಲ್ಲ ತೋರಿಸಿತು. ಶನಿ ಸಂಜೆಯ ಹೊತ್ತಿಗೆ ಕಾಣಲು ದಸರಾ ಬರಬೇಕಿತ್ತು. ಬಂತು. ಆಯುಧಪೂಜೆಯ ಮರುದಿನ ತಾರಸಿಗೆ ಹೊತ್ತು ನಿಲ್ಲಿಸಿದರೆ ಯಂತ್ರ ಕೈಕೊಟ್ಟಿತು. ರಿಮೋಟಿನಲ್ಲಿ ದೀಪ ಹತ್ತುತ್ತದೆ, ಮೋಟಾರು ಉತ್ತರ ಕೊಡುತ್ತಿಲ್ಲ ಎಂಬ ಒಂದು ಸಾಲು ಬರುತ್ತದೆ, ಅಷ್ಟೇ. ಕೈಯಲ್ಲಿ ತಿರುಗಿಸಲು ಬರುವಂಥದ್ದೂ ಅಲ್ಲ.

ಶಿವಶಂಕರನದು ಪಂಪ್‌ಸೆಟ್ಟಿನ ಬುದ್ಧಿ. ತಿರುಗದಿದ್ದರೆ ತಾಮ್ರದ ಸುತ್ತಿನಲ್ಲೇ ದೋಷ ಎಂದು ಮೋಟಾರನ್ನು ಎರಡೆರಡು ಸಲ ಬಿಚ್ಚಿದ. ಸುತ್ತು ಸರಿಯಾಗಿಯೇ ಇತ್ತು. ಬ್ಯಾಟರಿಯನ್ನು ಬೈದು ಬೇರೆ ಬ್ಯಾಟರಿ ಕೊಟ್ಟ. ಹೊಸ ವೈರು ತರಿಸಿದ. ಪಕ್ಕದ ಟೀ ಅಂಗಡಿಯ ಮಂಚಯ್ಯನಿಗಂತೂ ಇದೊಂದು ತಮಾಷೆ.

“ಲೇ ಸಿವಸಂಕ್ರ, ಆಕಾಸ ನೋಡಕ್ಕೆ ಮೋಟ್ರು ಯಾಕ್ಲಾ? ಕತ್ತೆತ್ತುದ್ರೆ ಸಾಲ್ದಾ?”

ಪುಷ್ಪ ಮಾತ್ರ ಸಂಜೆಯಾದರೆ ಸೆರಗಿಗೆ ಕೈ ಒರೆಸಿಕೊಂಡು ತಾರಸಿಗೆ ಬಂದು, “ಇವತ್ತಾದ್ರೂ ಸಿಕ್ತಾನಾ?” ಎಂದು ಕೇಳುವಳು. ಶನಿ ಸಿಗಲಿಲ್ಲ. ಆಷಾಢದಲ್ಲಿ ಜ್ವರವೆಂದು ಮಲಗಿದವಳು ಏಳಲೇ ಇಲ್ಲ.

ಈ ಸಲದ ಆಯುಧಪೂಜೆಗೆ ಬೀದಿಯೆಲ್ಲ ಬೂದುಗುಂಬಳ ಒಡೆಯುತ್ತಿದ್ದರೆ ಶಿವಶಂಕರನ ಅಂಗಡಿ ಮುಚ್ಚಿತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ. ಸುಮ್ಮನೆ ಕೂರಲಾಗದೆ ಮಧ್ಯಾಹ್ನ ಟೆಲಿಸ್ಕೋಪನ್ನು ಮತ್ತೆ ತಾರಸಿಗೆ ಹೊತ್ತ. ಪೂಜೆಯ ಕಡ್ಲೆಪುರಿ, ಸಿಹಿ ಕೊಡಲು ಮಂಚಯ್ಯ ಹಿಂದೆಯೇ ಹತ್ತಿ ಬಂದ.

“ಯಾರ್ಗಾದ್ರೂ ಕೊಟ್ಬುಡ್ಲಾ ಅದ್ನ. ನೋಡ್ದಾಗೆಲ್ಲ ಸಂಕಟ ಪಡ್ತೀಯ.”

“ಅವ್ಳು ನೋಡ್ನಿಲ್ಲ ಕಣ್ಲಾ. ಅವ್ಳ ಬದ್ಲು ನಾನಾದ್ರೂ ನೋಡ್ಬುಟ್ಟು ಕೊಡ್ತೀನಿ.”

ಮಂಚಯ್ಯ ಪುರಿಯ ಪೊಟ್ಟಣವನ್ನು ಗೋಡೆಯ ಮೇಲಿಟ್ಟ. “ಪುಸ್ಪಕ್ಕ ಇದ್ದಿದ್ರೆ ಇವತ್ತು ನನ್ ಫ್ರಿಜ್ಜಿಗೂ ಬೊಟ್ಟಿಡೋಳು. ಕರೆಂಟು ಒಳಿಕೋಗೋ ಜಾಗಕ್ಕೇ ಇಡ್ಬೇಕು ಅನ್ನೋಳು,” ಎಂದು ಹೇಳಿ ಇಳಿದು ಹೋದ.

ಶಿವಶಂಕರನ ಕೈ ಅಲ್ಲೇ ನಿಂತಿತು. ಹೌದಲ್ಲ. ಸ್ಟಾರ್ಟರಿಗೆ, ಮಿಕ್ಸಿಗೆ, ಎಲ್ಲದಕ್ಕೂ ಅವಳು ಬೊಟ್ಟಿಡುತ್ತಿದ್ದದ್ದು ವೈರು ಸೇರುವ ಜಾಗಕ್ಕೇ. ರಿಮೋಟಿನ ವೈರು ಕಿತ್ತು, ಅದು ಕೂರುವ ತೂತಿಗೆ ಟಾರ್ಚು ಬಿಟ್ಟ. ವೈರು ಬದಲಾಯಿಸುವ ಅವಸರದಲ್ಲಿ ಅದರೊಳಗೆ ಒಮ್ಮೆಯೂ ಇಣುಕಿರಲಿಲ್ಲ. ಕೂದಲೆಳೆಯಂಥ ತಂತಿಗಳ ನಡುವೆ, ಹೋದ ಆಯುಧಪೂಜೆಯಲ್ಲಿ ಅವಳು ನೀರಲ್ಲಿ ಕಲೆಸಿ ಇಟ್ಟ ಕುಂಕುಮ ಒಣಗಿ ಗಟ್ಟಿಯಾಗಿತ್ತು.

ಕೆರೆಯಲು ಕೈ ಬರಲಿಲ್ಲ. ಅಂಗಡಿಯಲ್ಲಿ ಅವಳಿಟ್ಟ ಬೊಟ್ಟುಗಳೆಲ್ಲ ಗ್ರೀಸಿನಲ್ಲಿ ಅಳಿಸಿಹೋಗಿದ್ದವು. ಅವಳ ಬೆರಳು ಇಟ್ಟದ್ದು ಇಟ್ಟ ಹಾಗೇ ಉಳಿದಿದ್ದದ್ದು ಇದೊಂದೇ. ಇದನ್ನು ತೆಗೆಯದೆ ಅವಳ ಆಸೆ ತೀರುವಂತಿರಲಿಲ್ಲ. ಯಾರೂ ನೋಡುವವರಿಲ್ಲವೆಂದು ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಬಿಸಿಲು ಇಳಿದ ಮೇಲೆ ಸೂಜಿಯಿಂದ ಮೆಲ್ಲಗೆ ಬಿಡಿಸಿ, ಸ್ಪಿರಿಟ್ಟಿನಲ್ಲಿ ಒರೆಸಿದ. ಉದುರಿದ ಪುಡಿಯನ್ನು ಒದ್ದೆ ಬೆರಳಿಗೆ ಅಂಟಿಸಿಕೊಂಡು ಟೆಲಿಸ್ಕೋಪಿನ ಕೊಳವೆಗೆ ಬೊಟ್ಟಿಟ್ಟ.

ಕತ್ತಲಾಗುತ್ತಲೇ ಗುರುತಿನ ನಕ್ಷತ್ರ ತೋರಿಸಿ ಶನಿಯ ಹೆಸರು ಒತ್ತಿದ. ಮೋಟಾರು ಗುಂಯ್ ಎಂದು ತಿರುಗಿ, ಪೂರ್ವಕ್ಕೆ ಮುಖ ಮಾಡಿ ನಿಂತಿತು. ಅವನು ಪಕ್ಕಕ್ಕೆ ಸರಿದು ಜಾಗ ಬಿಟ್ಟ.

“ಪುಸ್ಪಾ, ಬಾರಮ್ಮಿ! ಸಿಕ್ದ ಕಣೆ!”

ಕೂಗಿದ ಮೇಲೆಯೇ ನೆನಪಾದದ್ದು. ಆದರೂ ಮೆಟ್ಟಿಲ ಕಡೆ ನೋಡುತ್ತ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಕೊನೆಗೆ ತಾನೇ ಬಗ್ಗಿ ಕಣ್ಣಿಟ್ಟ. ಈ ವರ್ಷ ಶನಿಯ ಬಳೆ ಅಡ್ಡಕ್ಕೆ ತಿರುಗಿ ಬರೀ ಗೆರೆಯಾಗಿತ್ತು. ದಾರಕ್ಕೆ ಪೋಣಿಸಿದ ಒಂಟಿ ಮಣಿಯ ಹಾಗೆ ಕಾಣಿಸಿತು.

“ಮೊದ್ಲು ನಾನೇ ನೋಡ್ಬುಟ್ಟೆ ಕಣಮ್ಮಿ,” ಎಂದ.