ಸೇತುಮಾಧವಾಚಾರ್ಯರ ಅರ್ಧ ಹೊಟ್ಟೆ

ಆದೋನಿಯಲ್ಲಿ ಸೇತುಮಾಧವಾಚಾರ್ಯರು ಎಲೆಯ ಮುಂದೆ ಕೂತು ಉಡಿದಾರವನ್ನು ಒಂದು ಬೆರಳು ಸಡಿಲಿಸಿದರೆಂದರೆ, ಕೌತಾಳಂನಲ್ಲಿ ಅಡಿಗೆಯವರು ಎಸರಿಗೆ ಇನ್ನೆರಡು ಸೇರು ಅಕ್ಕಿ ಸುರಿಯುತ್ತಿದ್ದರಂತೆ. ಎರಡು ಬೆರಳು ಸಡಿಲಿಸಿದ ದಿನ ಆಸ್ಪರಿಯ ಎತ್ತುಗಳು ಹೆದರಿ, ತಮ್ಮ ಮೇವನ್ನು ಅವಸರವಸರವಾಗಿ ನುಂಗಿಬಿಟ್ಟವಂತೆ. ಮೂರನೆಯ ಬೆರಳು ಕಂಡವರು ಯಾರೂ ಉಳಿದಿಲ್ಲ. ವಯಸ್ಸಾಗಿ ಹೋದರು, ಅದು ಬೇರೆ ಮಾತು.

ಈ ಪರಾಕ್ರಮಕ್ಕೆ ತಕ್ಕ ರಣರಂಗವೂ ಇತ್ತು. ಶ್ರಾದ್ಧದ ದಿನ ಸತ್ತವರ ಹೆಸರಿನಲ್ಲಿ ಉಣ್ಣಲು ಒಬ್ಬ ಬ್ರಾಹ್ಮಣ ಬೇಕು; ಅವನು ಉಂಡರೆ ಹಿರಿಯರು ಉಂಡಂತೆ. ಕೊನೆಗೆ ಮನೆಯ ಯಜಮಾನ ಕೈಮುಗಿದು "ತೃಪ್ತಿ ಆಯ್ತೇ?" ಎಂದು ಕೇಳಬೇಕು, ಇವನು "ಆಯ್ತು" ಅನ್ನಬೇಕು. ಹೀಗೆ ಆಚಾರ್ಯರು ಮೂವತ್ತು ವರ್ಷ ಊರ ಪಿತೃಗಳ ಹೊಟ್ಟೆ ತುಂಬಿಸಿದ್ದರು. ಅವರ ಎಡಕ್ಕೆ ಯಾವಾಗಲೂ ಗೆಳೆಯ ಹನುಮಂತರಾಯ. ಶ್ರಾದ್ಧದೂಟದಲ್ಲಿ ಮಾತಾಡುವಂತಿಲ್ಲವಾದ್ದರಿಂದ, ವಡೆ ಬಡಿಸುವವನು ಬಂದಾಗ ಹನುಮಂತರಾಯ ಮೊಣಕೈಯಿಂದಲೇ ಆಚಾರ್ಯರ ಎಲೆ ತೋರಿಸುತ್ತಿದ್ದ: ಇವನಿಗೆ ಇನ್ನೊಂದು.

ಎಪ್ಪತ್ತೇಳನೆಯ ಇಸವಿಯಲ್ಲಿ ಆಚಾರ್ಯರ ಹೊಟ್ಟೆಯಲ್ಲಿ ಹುಣ್ಣಾಯಿತು. ಬಳ್ಳಾರಿಯ ಡಾಕ್ಟರು ಅರ್ಧ ಹೊಟ್ಟೆ ಕತ್ತರಿಸಿ ತೆಗೆದು, ಉಳಿದರ್ಧವನ್ನು ಹೊಲಿದು ಕೊಟ್ಟರು. ತೊಂಬತ್ತು ಕಿಲೋದ ಆಚಾರ್ಯರು ಕೆಲವೇ ತಿಂಗಳಲ್ಲಿ ಐವತ್ತಾರಕ್ಕೆ ಇಳಿದರು. ಅವರು ಇನ್ನೂ ಆಸ್ಪತ್ರೆಯ ಮಂಚದ ಮೇಲಿದ್ದಾಗಲೇ ಇತ್ತ ಹನುಮಂತರಾಯ ತೀರಿಕೊಂಡ. ಹದಿಮೂರನೆಯ ದಿನ ಕಳೆದ ಮೇಲೆ ಇವರಿಗೆ ಸುದ್ದಿ ಮುಟ್ಟಿತು.

ಕಳಿಸುವಾಗ ಡಾಕ್ಟರು ಹೇಳಿದ್ದರು: "ಸಲಕ್ಕೊಂದು ಹಿಡಿ, ದಿನಕ್ಕ ಆರು ಸಲ. ಸಿಹಿ ಮುಟ್ಟಬ್ಯಾಡ್ರಿ. ಹಸಿವಾದ್ರ ಉಣ್ರಿ, ಮನಸ್ಸಿಗೆ ಬ್ಯಾಸರಾದ್ರ ಉಣ್ಣಬ್ಯಾಡ್ರಿ. ಮೀರಿದ್ರ ಎಲ್ಲೆರೆ ಬೀಳ್ತೀರಿ, ಎಬ್ಬಸಲಿಕ್ಕೆ ನಾ ಇರಂಗಿಲ್ಲ."

ಆಚಾರ್ಯರು ದಿಗ್ಭ್ರಾಂತರಾದರು. ಹಸಿವೆ ಬೇರೆ, ಬೇಸರ ಬೇರೆ ಎಂದು ಐವತ್ತೆರಡು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ.

ಬೆಳಿಗ್ಗೆಯೆಲ್ಲ ಎಲ್ಲ ಸರಿಯಿರುತ್ತಿತ್ತು. ಏಕಾದಶಿಯ ನಿರಾಹಾರವೂ ಸಲೀಸು. ಆದರೆ ಸಂಜೆ ನಾಲ್ಕು ಹೊಡೆಯಿತೋ, ಎಲ್ಲಿಂದಲೋ ಒಂದು ಹಸಿವೆ ಬರುತ್ತಿತ್ತು. ಹನುಮಂತರಾಯ ಪಂಚೆಯ ತುದಿಯಲ್ಲಿ ಶೇಂಗಾ, ಬೆಲ್ಲ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ ಹೊತ್ತು ಅದು. ಆಚಾರ್ಯರು ಸದ್ದಾಗದಂತೆ ಅಡಿಗೆಮನೆಗೆ ಹೋಗಿ, ಬೆಲ್ಲದ ಡಬ್ಬಿ ತೆಗೆದು, ಮುಕ್ಕುತ್ತಿದ್ದರು. ಕಾಲು ತಾಸಿನಲ್ಲಿ ಬೆವರು ಕಿತ್ತು ಬಂದು, ಎದೆ ಡವಗುಟ್ಟಿ, ನೆಲಕ್ಕೆ ಉರುಳುತ್ತಿದ್ದರು.

ಮನೆಯಲ್ಲಿದ್ದವರು ವಿಧವೆ ಅಕ್ಕ ಕಾವೇರಿಬಾಯಿ ಒಬ್ಬರೇ. ಬೀಸಣಿಗೆಯಿಂದ ಗಾಳಿ ಹಾಕುತ್ತ ವಿಚಾರಣೆ ನಡೆಸುತ್ತಿದ್ದರು.

"ಹಸಿವಾಗಿತ್ತೇನೋ ಮಾಧವಾ?"

"ಗೊತ್ತಿಲ್ಲಕ್ಕ."

"ಗೊತ್ತಿಲ್ಲಂದ್ರ? ಹೊಟ್ಟಿ ನಿಂದಲ್ಲೇನು?"

"ಅರ್ಧಾ ನಂದು. ಇನ್ನರ್ಧಾ ಬಳ್ಳಾರ್ಯಾಗ ಉಳೀತು. ಅಲ್ಲಿಂದ ಕೂಗ್ತದೋ ಏನೋ."

ಕಾವೇರಿಬಾಯಿ ಒಂದು ಪರೀಕ್ಷೆ ಹುಡುಕಿದರು. ನಾಲ್ಕಕ್ಕೆ ಸರಿಯಾಗಿ ಉಪ್ಪಿಲ್ಲದ ಗಂಜಿ ತಂದಿಟ್ಟರು. "ಖರೇ ಹಸಿವಿದ್ರ ಇದನ್ನ ಕುಡೀತಿ." ಆಚಾರ್ಯರು ಗಂಜಿಯನ್ನು ನೋಡಿದರು, ಗಂಜಿ ಆಚಾರ್ಯರನ್ನು ನೋಡಿತು. ಕುಡಿಯಲಿಲ್ಲ.

"ಹಂಗಾರ ಇದು ಹಸಿವಲ್ಲ."

"ಮತ್ತೇನಕ್ಕ?"

ಅಕ್ಕ ಗಂಜಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಬೆಲ್ಲದ ಡಬ್ಬಿ ಅಟ್ಟಕ್ಕೇರಿತು. ಮರುದಿನ ಆಚಾರ್ಯರೂ ಅಟ್ಟಕ್ಕೇರಿದರು.

ವರ್ಷ ತುಂಬುತ್ತ ಬಂದಾಗ ಹನುಮಂತರಾಯನ ಮಗ ಗುರುರಾಜ ಬಂದು ಸಾಷ್ಟಾಂಗ ಹಾಕಿದ. ಮಾಧವರಂನಲ್ಲಿ ಮಾಸ್ತರಾಗಿದ್ದ ಅವನು ತಂದೆಯ ಶ್ರಾದ್ಧವನ್ನು ಅಲ್ಲೇ ಇಟ್ಟುಕೊಂಡಿದ್ದ.

"ಕಾಕಾ, ಅಪ್ಪನ ಎಲಿಗೆ ನೀವೇ ಕೂಡಬೇಕು. ನೀವು ಹೊಟ್ಟಿ ತುಂಬ ಉಂಡ್ರ ಅಪ್ಪ ಉಂಡಂಗ."

"ಇವ ಹೊಟ್ಟಿ ತುಂಬ ಉಂಡ್ರ," ಒಳಗಿನಿಂದ ಕಾವೇರಿಬಾಯಿ ಕೂಗಿದರು, "ನಿಮ್ಮಪ್ಪನ ಬಾಜೂಕ ಹೋಗಿ ಕೂಡ್ತಾನ!"

ಆಚಾರ್ಯರು "ಬರ್ತೀನಿ" ಅಂದುಬಿಟ್ಟರು. ಯಾಕೆ ಅಂದರೋ ಅವರಿಗೂ ತಿಳಿಯಲಿಲ್ಲ. ಕಾವೇರಿಬಾಯಿ ಕೈ ಕಟ್ಟಿಕೊಂಡು ಕೂರುವವರಲ್ಲ. ಅದೇ ಬಸ್ಸಿಗೆ ಅವರೂ ಹತ್ತಿದರು.

ಮಾಧವರಂನಲ್ಲಿ ವೀರನನ್ನು ನೋಡಲು ನೆಂಟರೆಲ್ಲ ಕಂಬಕ್ಕೊಬ್ಬರಂತೆ ನಿಂತಿದ್ದರು. ಆಚಾರ್ಯರು ಎಲೆಯ ಮುಂದೆ ಕೂತು ಉಡಿದಾರಕ್ಕೆ ಕೈ ಹಾಕಿದರು. ಎಲ್ಲರೂ ಉಸಿರು ಬಿಗಿಹಿಡಿದರು. ಆಚಾರ್ಯರು ಅದನ್ನು ಬಿಗಿ ಮಾಡಿಕೊಂಡರು. ಸಡಿಲಿದ್ದರೆ ಪಂಚೆಯೇ ಜಾರುತ್ತಿತ್ತು.

ನಾಲ್ಕು ತುತ್ತಿಗೆ ಅರ್ಧ ಹೊಟ್ಟೆ ತುಂಬಿತು. ಗುರುರಾಜ ಆಸೆಯಿಂದ ನೋಡುತ್ತಿದ್ದ. ಸಾಕೆಂದು ಬಾಯಿ ಬಿಟ್ಟು ಹೇಳುವಂತಿಲ್ಲ. ಐದನೆಯದು ಹೋಯಿತು, ಆರನೆಯದೂ ಹೋಯಿತು. ಪರಮಾನ್ನ ಬಿತ್ತು; ಕೈ ತಾನಾಗಿ ಅದರತ್ತ ಸರಿಯಿತು. ಹಣೆಯ ಮೇಲೆ ಬೆವರಿನ ಮೊದಲ ಹನಿ ಮೂಡಿತು. ಅಡಿಗೆಮನೆಯ ಬಾಗಿಲಲ್ಲಿ ಕಾವೇರಿಬಾಯಿ ಗೋಡೆ ಹಿಡಿದುಕೊಂಡರು.

ಅಷ್ಟರಲ್ಲಿ ವಡೆ ಬಂತು. ಬಡಿಸುವವನು ಒಂದು ಹಾಕಿ ನಿಂತ. ಆಚಾರ್ಯರು ರೂಢಿಯಂತೆ ಎಡಕ್ಕೆ ನೋಡಿದರು. ಅಲ್ಲಿ ಗೋಡೆ ಇತ್ತು. ಮೊಣಕೈ ಇರಲಿಲ್ಲ.

ಬಡಿಸುವವನು ಮುಂದೆ ಹೋದ.

ಶ್ರಾದ್ಧದ ಎಲೆಯ ಮುಂದೆ ಕಣ್ಣೀರು ಹಾಕಬಾರದು. ಆಚಾರ್ಯರು ಕಣ್ಣಿಗೆ ಹೊಗೆ ಹೊಕ್ಕವರಂತೆ ಉತ್ತರೀಯದಿಂದ ಒರೆಸಿಕೊಂಡರು. ಕಣ್ಣು ಮತ್ತೆ ತುಂಬಿತು. ಪರಮಾನ್ನದ ಕೈ ಬಾಯಿಯವರೆಗೆ ಬಂದು, ಹಾಗೇ ನಿಂತು, ಎಲೆಗೆ ಇಳಿಯಿತು. ಮತ್ತೆ ಏಳಲಿಲ್ಲ.

ಗುರುರಾಜ ಕೈಮುಗಿದು ಕೇಳಿದ: "ತೃಪ್ತಿ ಆಯ್ತೇ?"

ಯಾರಿಗೆ ಎಂಬುದು ಆಚಾರ್ಯರಿಗೆ ತಿಳಿಯಲಿಲ್ಲ. ತನಗೋ, ಹನುಮಂತರಾಯನಿಗೋ, ಬಳ್ಳಾರಿಯಲ್ಲಿ ಉಳಿದ ಅರ್ಧಕ್ಕೋ? ಆದರೂ "ಆಯ್ತು" ಎಂದರು.

ಅವರು ಬಸ್ಸಿಗೆ ಬರುವಷ್ಟರಲ್ಲಿ ಪುರಾಣ ಹುಟ್ಟಿತ್ತು. ಆಚಾರ್ಯರು ತುಂಬಿದೆಲೆಯ ಮುಂದೆ ಇಂದ್ರಿಯನಿಗ್ರಹ ಮಾಡಿದರಂತೆ. ಏಳನೆಯ ತುತ್ತನ್ನು ಮಂತ್ರ ಹಾಕಿ ತಡೆದರಂತೆ. ಹೊಳೆಯಾಚೆ ಅಷ್ಟು ಹೊತ್ತಿಗೆ ಸರಿಯಾಗಿ ಗುಡುಗಿತಂತೆ. ಬಸ್ಸು ಹೊರಟಾಗ ನಾಲ್ಕು ದಾಟಿ ಇಪ್ಪತ್ತು ನಿಮಿಷವಾಗಿತ್ತು; ಆಚಾರ್ಯರು ಬೆಲ್ಲ ಕೇಳಿರಲಿಲ್ಲ. ಅಷ್ಟೆಲ್ಲ ಕೇಳಿಸಿಕೊಂಡ ಕಾವೇರಿಬಾಯಿಗೂ ತಮ್ಮನ ಮೇಲೆ ಭಕ್ತಿ ಬಂದುಬಿಟ್ಟಿತ್ತು. ದನಿ ತಗ್ಗಿಸಿ ಕೇಳಿದರು:

"ಮಾಧವಾ, ಖರೇ ಹೇಳು. ಯಾವ ಮಂತ್ರನೋ ಅದು? ಹ್ಯಾಂಗ ನಿಲ್ಲಿಸ್ದಿ?"

ಆಚಾರ್ಯರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು:

"ಅಳೋ ಮುಂದ ನುಂಗಲಿಕ್ಕೆ ಬರೂದಿಲ್ಲಕ್ಕ."